ಮೂರು ಕಿಲೋ ಡಿಟೆಕ್ಟರ್ ದಿನವಿಡೀ ಬೀಸಲು ಮೈಯಲ್ಲಿ ಏನಿರಬೇಕು?

ಮೂರು ಕಿಲೋ ಏನು ಮಹಾ ಭಾರ ಅನ್ನಿಸುತ್ತದೆ. ಕೊಳ್ಳುವ ಮುಂಚೆ ಒಮ್ಮೆ ಎತ್ತಿ, ಎರಡು ಸಲ ಆ ಕಡೆ ಈ ಕಡೆ ಆಡಿಸಿ ನೋಡಿದಾಗಲೂ ಹಾಗೆಯೇ ಅನ್ನಿಸುತ್ತದೆ. ಅದೇ ಮೆಟಲ್ ಡಿಟೆಕ್ಟರನ್ನು ಕಲ್ಲುನೆಲದಲ್ಲಿ ಮೂರ್ನಾಲ್ಕು ಗಂಟೆ ಬೀಸಿ ಬಂದವರಿಗೆ ಮಾರನೆಯ ಬೆಳಿಗ್ಗೆ ಅಂಗಿಯ ತೋಳಿಗೆ ಕೈ ತೂರಿಸುವುದೂ ಸಾಕುಬೇಕಾಗುತ್ತದೆ. ಜಿಮ್‌ನಲ್ಲಿ ಎಪ್ಪತ್ತೆಂಬತ್ತು ಕಿಲೋ ಎತ್ತುವವರಿಗೂ ಇದು ತಪ್ಪಿದ್ದಲ್ಲ. ತೊಂದರೆ ಇರುವುದು ತಕ್ಕಡಿ ತೋರಿಸುವ ತೂಕದಲ್ಲಲ್ಲ. ಆ ತೂಕ ಮೈಯಿಂದ ಎಷ್ಟು ದೂರದಲ್ಲಿದೆ, ಅದನ್ನು ಎಷ್ಟು ಸಾವಿರ ಸಲ ಓಡಿಸಿ ನಿಲ್ಲಿಸುತ್ತೇವೆ ಎಂಬುದರಲ್ಲಿ. ಇದು ತಿಳಿದರೆ ಯಾವ ವ್ಯಾಯಾಮ ಬೇಕು, ಯಾವುದು ಬೇಡ ಎಂಬುದು ಹೆಚ್ಚುಕಮ್ಮಿ ತಾನಾಗಿಯೇ ಹೊಳೆಯುತ್ತದೆ.

ಮೊದಲು, ಇವು ಇಷ್ಟು ಭಾರ ಏಕೆ? ನಾಣ್ಯ ಹುಡುಕುವ ಹಗುರ ಯಂತ್ರಗಳು ಈಗ ಒಂದು ಕಿಲೋಗಿಂತ ಕಡಿಮೆಗೂ ಸಿಗುತ್ತವೆ. ಆಳದ ಚಿನ್ನಕ್ಕೆ, ಖನಿಜ ತುಂಬಿದ ಕೆಂಪು ನೆಲಕ್ಕೆ, ಉಪ್ಪುನೀರಿನ ದಡಕ್ಕೆ ಬಳಸುವ ಪಲ್ಸ್ ಇಂಡಕ್ಷನ್ ಯಂತ್ರಗಳ ದಾರಿ ಬೇರೆ. ಅವು ಕಾಯಿಲ್‌ಗೆ, ಅಂದರೆ ನೆಲದ ಮೇಲೆ ಆಡಿಸುವ ತುದಿಯಲ್ಲಿರುವ ತಂತಿಸುರುಳಿಗೆ, ಜೋರಾದ ವಿದ್ಯುತ್ ಮಿಡಿತಗಳನ್ನು ಕಳಿಸಿ, ಮಿಡಿತ ನಿಂತ ಮೇಲೆ ನೆಲದೊಳಗಿನ ಲೋಹದಿಂದ ಬರುವ ಕ್ಷೀಣ ಮರುದನಿಯನ್ನು ಹಿಡಿಯುತ್ತವೆ. ಅದಕ್ಕೆ ದೊಡ್ಡ ಬ್ಯಾಟರಿ ಬೇಕು, ದಪ್ಪ ತಂತಿಯ ಅಗಲವಾದ ಕಾಯಿಲ್ ಬೇಕು. ಮೇಲೆ ನೀರು, ದೂಳು, ಪೆಟ್ಟು ತಡೆಯುವ ಕವಚ ಬೇರೆ. ಇದಕ್ಕೆ ಹತ್ತಿರದ ತಂತ್ರ ಬಳಸುವ, ಮೈನ್‌ಲ್ಯಾಬ್ ಕಂಪನಿಯ ಜಿಪಿಜೆಡ್ 7000 ಬ್ಯಾಟರಿ ಸೇರಿ 3.3 ಕಿಲೋ ಚಿಲ್ಲರೆ ತೂಗುತ್ತದೆ. ಸೈನ್ಯದ ಯಂತ್ರಗಳ ಧಾಟಿಯಲ್ಲಿ ಮಡಚಿ ಸಾಗಿಸಬಹುದಾದ, ನೀರಲ್ಲೂ ಮುಳುಗಿಸಬಹುದಾದ ಗ್ಯಾರೆಟ್ ಎಟಿಎಕ್ಸ್ ಸುಮಾರು 3.1 ಕಿಲೋ.

ಹಳೆಯ ಕಾಲಕ್ಕೆ ಹೋಲಿಸಿದರೆ ಇದೂ ಪುಣ್ಯವೇ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೈನ್ಯಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ ರೂಪಿಸಿದ ನೆಲಬಾಂಬ್ ಪತ್ತೆ ಯಂತ್ರ ಹೆಚ್ಚುಕಡಿಮೆ 14 ಕಿಲೋ ಇತ್ತು. 1942ರಲ್ಲಿ ಈಜಿಪ್ಟಿನ ಎಲ್ ಅಲಮೈನ್ ಕದನದಲ್ಲಿ ಸೈನಿಕರು ಅದನ್ನೇ ಹೊತ್ತು ಮರಳುಗಾಡಿನಲ್ಲಿ ದಾರಿ ಮಾಡಿಕೊಟ್ಟರು. ಇಪ್ಪತ್ತೆರಡರ ಹರೆಯದ ಮೈ, ಮೇಲಧಿಕಾರಿಯ ಆಜ್ಞೆ, ಕಾಲಡಿಯಲ್ಲಿ ಸಾವು. ಹವ್ಯಾಸಕ್ಕೆ ಹೊರಟವರಿಗೆ ಈ ಮೂರೂ ಇರುವುದಿಲ್ಲ. ಇವರಲ್ಲಿ ಹಲವರು ನೌಕರಿ ಮುಗಿಸಿದವರು ಬೇರೆ.

ಈಗ ಸ್ವಲ್ಪ ಲೆಕ್ಕ. ನೀರು ತುಂಬಿದ ಬಕೆಟನ್ನು ಮೈಗೆ ಒತ್ತಿಕೊಂಡು ಹೋಗುವುದಕ್ಕೂ ಕೈ ಮುಂಚಾಚಿ ಹಿಡಿದು ಹೋಗುವುದಕ್ಕೂ ಇರುವ ವ್ಯತ್ಯಾಸ ಎಲ್ಲರಿಗೂ ಗೊತ್ತು. ಡಿಟೆಕ್ಟರಿನ ಕಾಯಿಲ್ ಹಿಡಿಯಿಂದ ಹೆಚ್ಚುಕಡಿಮೆ ಒಂದು ಮೀಟರ್ ಮುಂದಿರುತ್ತದೆ. ಕಾಯಿಲ್ 800 ಗ್ರಾಂ ಅಂತಿಟ್ಟುಕೊಳ್ಳಿ. ಮುಂಗೈ ಒರಗುವ ತೊಟ್ಟಿಲಿನಂಥ ಆಧಾರ ಹಿಡಿಗಿಂತ 35 ಸೆಂಟಿಮೀಟರ್ ಹಿಂದಿದೆ. ಮೂತಿ ಕೆಳಗೆ ಎಳೆದಾಗ ಬಾಲ ಮೇಲಕ್ಕೇಳಬೇಕು. ಹಾಗೆ ಏಳದಂತೆ ನಿಮ್ಮ ಮುಂಗೈ ಅದನ್ನು ಅದುಮಿ ಹಿಡಿಯಬೇಕು. ಎಷ್ಟು ಬಲದಲ್ಲಿ? 0.8 ಅನ್ನು 0.35ರಿಂದ ಭಾಗಿಸಿ: ಸುಮಾರು 2.3 ಕಿಲೋದಷ್ಟು. ಕೈಬೆರಳುಗಳು ಎತ್ತಿ ಹಿಡಿಯಬೇಕಾದ್ದು ಇವೆರಡರ ಮೊತ್ತ, ಅಂದರೆ 3.1 ಕಿಲೋ. ಇದು ಬರೀ ಕಾಯಿಲ್‌ನ ಲೆಕ್ಕ. ಕಾಯಿಲನ್ನು ಹಿಡಿಗೆ ಜೋಡಿಸುವ ಕೋಲು, ಅಂದರೆ ಶಾಫ್ಟು, ಪೆಟ್ಟಿಗೆ, ಬ್ಯಾಟರಿ ಇನ್ನೂ ಸೇರಿಲ್ಲ. ಹಾಗಾಗಿಯೇ ತೂಕದಲ್ಲಿ ಒಂದೇ ಇರುವ ಎರಡು ಯಂತ್ರಗಳಲ್ಲಿ ಒಂದು ಹೂವಿನಷ್ಟು ಹಗುರ, ಇನ್ನೊಂದು ಕಬ್ಬಿಣದ ಸಲಾಕೆ ಅನ್ನಿಸುವುದು. ಬ್ಯಾಟರಿಯನ್ನು ಮೊಣಕೈ ಹಿಂದಿಟ್ಟ ಯಂತ್ರದಲ್ಲಿ ಒಟ್ಟು ತೂಕ ಜಾಸ್ತಿಯಾದರೂ ಬಾಲದ ಭಾರ ಮೂತಿಯ ಭಾರವನ್ನು ತೂಗಿಸುತ್ತದೆ. ಮೈನ್‌ಲ್ಯಾಬ್‌ನ ಹಳೆಯ ಜಿಪಿಎಕ್ಸ್ 5000 ಇನ್ನೊಂದು ದಾರಿ ಹಿಡಿದಿತ್ತು: ಬ್ಯಾಟರಿಯನ್ನು ಬೆನ್ನಿಗೇರಿಸಿ, ತಂತಿಯಲ್ಲಿ ಯಂತ್ರಕ್ಕೆ ವಿದ್ಯುತ್ ಕೊಡುತ್ತಿತ್ತು.

ಇದು ಸುಮ್ಮನೆ ಹಿಡಿದು ನಿಂತಾಗಿನ ಮಾತು. ಬೀಸುವಾಗ ಇನ್ನೊಂದು ಹೊರೆ ಸೇರುತ್ತದೆ. ಎಡತುದಿಯಲ್ಲಿ ಕಾಯಿಲನ್ನು ನಿಲ್ಲಿಸಿ, ತಿರುಗಿಸಿ, ಬಲಕ್ಕೆ ಓಡಿಸಿ, ಮತ್ತೆ ನಿಲ್ಲಿಸಬೇಕು. ಹೀಗೆ ತಿರುಗಿಸುವುದಕ್ಕೆ ಬೇಕಾದ ಬಲ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕಾಯಿಲನ್ನು ಮೀಟರಿನಿಂದ 80 ಸೆಂಟಿಮೀಟರಿಗೆ ಹತ್ತಿರ ತಂದರೆ, ಕಾಯಿಲ್‌ನ ಮಟ್ಟಿಗೆ ಹಿಡಿದಿಡುವ ಶ್ರಮ ಶೇ. 20ರಷ್ಟು ಇಳಿದರೆ ತಿರುಗಿಸುವ ಶ್ರಮ ಶೇ. 36ರಷ್ಟು ಇಳಿಯುತ್ತದೆ. ಒಂದು ಬೀಸಿಗೆ ಮೂರು ಸೆಕೆಂಡ್ ಅಂತ ನಿಧಾನವಾಗಿಯೇ ಹೋದರೂ ಗಂಟೆಗೆ 1,200, ಐದು ಗಂಟೆಗೆ 6,000 ಬೀಸು. ಪ್ರತಿ ಬೀಸಿನ ತುದಿಯಲ್ಲೂ ಬ್ರೇಕ್ ಹಾಕುವುದು ಭುಜದ ಒಳಗಿನ ರೊಟೇಟರ್ ಕಫ್ ಎಂಬ ನಾಲ್ಕು ಚಿಕ್ಕ ಸ್ನಾಯುಗಳ ಗುಂಪು ಮತ್ತು ಮುಂಗೈಯ ಹೊರಮೈ ಸ್ನಾಯುಗಳು. ಜಿಮ್‌ನಲ್ಲಿ ಕನ್ನಡಿಯೆದುರು ಬೆಳೆಸುವ ಎದೆ, ರಟ್ಟೆಗಳಿಗೆ ಇಲ್ಲಿ ಅಷ್ಟಾಗಿ ಕೆಲಸವಿಲ್ಲ.

ಭುಜದ ಮೇಲ್ಭಾಗಕ್ಕೆ ಇರುವ ಕಷ್ಟ ಬೇರೆ ಥರದ್ದು. ಅದು ಕದಲುವುದೇ ಇಲ್ಲ, ಬಿಗಿದುಕೊಂಡೇ ಇರುತ್ತದೆ. ಸ್ನಾಯು ಸಂಕುಚಿಸಿ ಸಡಿಲವಾಗುತ್ತಿದ್ದರೆ ರಕ್ತ ಓಡಾಡುತ್ತದೆ. ಬಿಗಿದೇ ಇದ್ದರೆ ಒಳಗಿನ ಒತ್ತಡ ರಕ್ತನಾಳಗಳನ್ನು ಅದುಮುತ್ತದೆ. ಗರಿಷ್ಠ ಬಲದ ಅರ್ಧದಷ್ಟು ಹಾಕಿ ಹಿಡಿದು ನಿಂತರೆ ಸುಮಾರು ಒಂದು ನಿಮಿಷದಲ್ಲಿ ಸ್ನಾಯು ಸೋಲುತ್ತದೆ. ಐದನೇ ಒಂದು ಪಾಲು ಮಾತ್ರ ಹಾಕಿದರೆ ಹಲವು ನಿಮಿಷ ತಾಳುತ್ತದೆ. ಬಲ ಬೆಳೆಸುವುದರ ಗುಟ್ಟು ಇಲ್ಲಿದೆ. ಯಂತ್ರದ ತೂಕ ಅಷ್ಟೇ ಇರುತ್ತದೆ, ಆದರೆ ನಿಮ್ಮ ಗರಿಷ್ಠ ಬಲ ಹೆಚ್ಚಿದಷ್ಟೂ ಆ ತೂಕ ಅದರ ಸಣ್ಣ ಪಾಲಾಗುತ್ತ ಹೋಗುತ್ತದೆ. ಪಾಲು ಸ್ವಲ್ಪ ಇಳಿದರೂ ತಾಳಿಕೆ ಬಹಳ ಏರುತ್ತದೆ.

ನೋವು ಬರುವ ಮೊದಲೇ ಆಗುವ ನಷ್ಟ ಒಂದಿದೆ, ಅದರತ್ತ ಕಡಿಮೆ ಜನರ ಗಮನ. ದಣಿದ ಕೈ ಬೀಸಿನ ಎರಡೂ ತುದಿಯಲ್ಲಿ ಕಾಯಿಲನ್ನು ಮೇಲಕ್ಕೆ ಎತ್ತುತ್ತದೆ. ಬೇಕೆಂದಲ್ಲ; ಭುಜ ಸೋತಾಗ ಕೈ ನೆಲಕ್ಕೆ ಸಮನಾಗಿ ಸಾಗುವುದು ಬಿಟ್ಟು ಉಯ್ಯಾಲೆಯ ಕಮಾನಿನಂತೆ ಓಡುತ್ತದೆ. ಡಿಟೆಕ್ಟರಿಗೆ ಇದು ಭಾರಿ ದಂಡ. ಚಿಕ್ಕ ವಸ್ತುವಿನಿಂದ ಬರುವ ಸಂಕೇತ, ಕಾಯಿಲ್‌ನ ಅಳತೆಗಿಂತ ಆಳ ಹೆಚ್ಚಿದಾಗ, ಸ್ಥೂಲವಾಗಿ ದೂರದ ಆರನೆಯ ಘಾತಕ್ಕೆ ತಕ್ಕಂತೆ ಕುಸಿಯುತ್ತದೆ. ದೂರ ಇಮ್ಮಡಿಯಾದರೆ ಸಂಕೇತ 64ರಲ್ಲಿ ಒಂದು ಪಾಲು. ವಸ್ತು 30 ಸೆಂಟಿಮೀಟರ್ ಆಳದಲ್ಲಿದ್ದು ಕಾಯಿಲ್ ನೆಲದಿಂದ 2 ಸೆಂಟಿಮೀಟರ್ ಎತ್ತರದಲ್ಲಿದ್ದರೆ ನಡುವಿನ ದೂರ 32. ಕೈ ಸೋತು ಕಾಯಿಲ್ 8 ಸೆಂಟಿಮೀಟರಿಗೆ ಏರಿತೆಂದರೆ 38. ಅಷ್ಟಕ್ಕೇ ಸಂಕೇತ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆಳದ ಸದ್ದಿಗಾಗಿ ಲಕ್ಷಗಟ್ಟಲೆ ಕೊಟ್ಟು ಯಂತ್ರ ತಂದು, ಮಧ್ಯಾಹ್ನದ ಹೊತ್ತಿಗೆ ಆ ಆಳವನ್ನು ಭುಜ ಕಳೆದುಹಾಕುತ್ತದೆ. ಒಂದೆರಡು ಗಂಟೆಯಾದ ಮೇಲೆ ಜೊತೆಗಾರರಿಗೆ ಬದಿಯಿಂದ ವಿಡಿಯೊ ತೆಗೆಯಲು ಹೇಳಿ ನೋಡಿ. ತುದಿಯಲ್ಲಿ ಕಾಯಿಲ್ ಎಷ್ಟು ಎತ್ತರ ಹಾರುತ್ತಿದೆ ಎಂದು ಕಂಡರೆ ವ್ಯಾಯಾಮಕ್ಕೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಆದರೂ ವ್ಯಾಯಾಮಕ್ಕೆ ಮುಂಚೆ ಜೋಡಣೆ ಸರಿಪಡಿಸಿಕೊಳ್ಳಬೇಕು ಎಂಬುದು ನನ್ನ ವಾದ. ತಪ್ಪು ಜೋಡಣೆಯ ಯಂತ್ರಕ್ಕಾಗಿ ಮೈ ಗಟ್ಟಿ ಮಾಡಿಕೊಳ್ಳುವುದು ದಡ್ಡತನ. ನೆಟ್ಟಗೆ ನಿಂತಾಗ, ಬೆನ್ನು ಬಾಗದೆ, ಕಾಯಿಲ್ ನೆಲಕ್ಕೆ ಮುಟ್ಟುವಷ್ಟಕ್ಕೆ ಶಾಫ್ಟಿನ ಉದ್ದ ಸಾಕು. ಅದಕ್ಕಿಂತ ಒಂದು ರಂಧ್ರ ಹೆಚ್ಚಿದರೂ ಬೇಡ. ಮೊಣಕೈ ಪಕ್ಕೆಲುಬಿನ ಹತ್ತಿರವೇ ಇರಲಿ. ಹಿಡಿಯನ್ನು ಹಿಸುಕಬೇಡಿ: ಮುಷ್ಟಿ ಬಿಗಿದಾಗಲೆಲ್ಲ ಮಣಿಕಟ್ಟು ಬಾಗದಂತೆ ತಡೆಯಲು ಮುಂಗೈಯ ಹೊರಮೈ ಸ್ನಾಯುಗಳೂ ಬಿಗಿಯುತ್ತವೆ. ಮೊಣಕೈಯ ಹೊರಬದಿಯಲ್ಲಿ ಬರುವ ಆ ಕುಟುಕುವ ನೋವಿಗೆ, ಅಂದರೆ ಟೆನಿಸ್ ಎಲ್ಬೋಗೆ, ಬೀಜ ಬೀಳುವುದು ಅಲ್ಲೇ. ದೊಡ್ಡ ಕಾಯಿಲ್ ಇದ್ದಾಗ ಬೀಸಿನ ಅಗಲ ಕಿರಿದು ಮಾಡಿ. ಕಾಯಿಲೇ ಅಗಲ ಇದೆಯಲ್ಲ. ಬೀಸು ಭುಜದಿಂದ ಅಲ್ಲ, ಸೊಂಟ ಮತ್ತು ಮುಂಡ ತುಸು ತಿರುಗುವುದರಿಂದ ಹುಟ್ಟಬೇಕು.

ಹಾರ್ನೆಸ್, ಅಂದರೆ ಯಂತ್ರವನ್ನು ತೂಗುಹಾಕಲು ಹೆಗಲಿಗೂ ಸೊಂಟಕ್ಕೂ ಕಟ್ಟುವ ಪಟ್ಟಿ, ಹಾಕಿಕೊಳ್ಳುವುದನ್ನು ಕೆಲವರು ಕೈಲಾಗದವರ ಲಕ್ಷಣ ಎಂದುಕೊಳ್ಳುತ್ತಾರೆ. ಇಡೀ ದಿನ ಕಳೆ ಕತ್ತರಿಸುವ ಯಂತ್ರ ಹಿಡಿಯುವ ಕೆಲಸಗಾರರು ಪಟ್ಟಿ ಇಲ್ಲದೆ ಅದನ್ನು ಮುಟ್ಟುವುದಿಲ್ಲ. ಮೂರು ಕಿಲೋ ಯಂತ್ರಕ್ಕೆ ಹಾರ್ನೆಸ್ ಕಡ್ಡಾಯ ಎನ್ನುವವನು ನಾನು. ಬೆನ್ನ ಹಿಂದಿನಿಂದ ಇಳಿಯುವ ಎಲಾಸ್ಟಿಕ್ ಹಗ್ಗವನ್ನು ಯಂತ್ರದ ತೂಕ ಸಮತೋಲವಾಗುವ ಜಾಗಕ್ಕೆ ಸಿಕ್ಕಿಸಿ, ಕೈ ಬಿಟ್ಟಾಗ ಕಾಯಿಲ್ ನೆಲದಿಂದ ಕೆಲವೇ ಸೆಂಟಿಮೀಟರ್ ಮೇಲೆ ತೇಲುವಂತೆ ಬಿಗಿ ಮಾಡಿಕೊಳ್ಳಿ. ಸೊಂಟದ ಬೆಲ್ಟ್ ಮೊದಲು ಕಟ್ಟಿ, ಆಮೇಲೆ ಹೆಗಲಪಟ್ಟಿ. ಭಾರ ಸೊಂಟದ ಮೂಳೆಯ ಮೇಲೆ ಕೂರಬೇಕು, ಕುತ್ತಿಗೆಗೆ ನೇತುಬೀಳಬಾರದು. ಹಾರ್ನೆಸ್ ತೂಕವನ್ನು ಹೊರುತ್ತದೆ, ಬೀಸುವ ಶ್ರಮವನ್ನಲ್ಲ. ಕಾಯಿಲನ್ನು ಓಡಿಸಿ ನಿಲ್ಲಿಸುವ ಕೆಲಸ ಹಗ್ಗವಿದ್ದರೂ ನಿಮ್ಮದೇ. ಹಾಗಾಗಿ ಎಡಗೈಯಲ್ಲೂ ಬೀಸಲು ಕಲಿಯಬೇಕು. ಮೊದಮೊದಲು ಬಲು ಎಡಬಿಡಂಗಿ ಅನ್ನಿಸುತ್ತದೆ. ಕೆಲವು ವಾರಗಳಲ್ಲಿ ಕೈ ಒಗ್ಗುತ್ತದೆ, ಆಮೇಲೆ ಭುಜದ ಆಯಸ್ಸು ಇಮ್ಮಡಿ.

ಇನ್ನು ಮೈಯ ಕಡೆಗೆ. ವಾರದಲ್ಲಿ ಎರಡು ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು, ಅರ್ಧ ಗಂಟೆ ಸಾಕು. ಇದರಲ್ಲಿ ನಾನು ಮೊದಲ ಸ್ಥಾನ ಕೊಡುವುದು ಯಾರೂ ವ್ಯಾಯಾಮ ಎಂದು ಎಣಿಸದ ಒಂದಕ್ಕೆ: ಒಂದೇ ಕೈಯಲ್ಲಿ ಭಾರ ಹಿಡಿದು, ಆ ಕಡೆಗೆ ವಾಲದೆ, ನೆಟ್ಟಗೆ ನಡೆಯುವುದು. ಡಂಬ್‌ಬೆಲ್ ಇದ್ದರೆ ಸರಿ, ಇಲ್ಲದಿದ್ದರೆ ನೀರಿನ ಕ್ಯಾನ್. ಮೂವತ್ತು ನಲವತ್ತು ಹೆಜ್ಜೆ ನಡೆದು ಕೈ ಬದಲಿಸಿ. ಹಿಡಿತ, ಭುಜದ ನೆಲೆ, ಪಕ್ಕೆಯ ಸ್ನಾಯು, ಕಾಲು ಎಲ್ಲವೂ ಡಿಟೆಕ್ಟರ್ ಕೇಳುವ ರೀತಿಯಲ್ಲೇ ದುಡಿಯುತ್ತವೆ. ಕನ್ನಡಿ ಇದ್ದರೆ ನೋಡಿಕೊಳ್ಳಿ. ಹೆಗಲು ಕಿವಿಯ ಕಡೆಗೆ ಏರಿತೆಂದರೆ ಭಾರ ಜಾಸ್ತಿಯಾಯಿತು.

ರೊಟೇಟರ್ ಕಫ್‌ಗೆ ಬೇಕಾದ್ದು ಒಂದು ರಬ್ಬರ್ ಬ್ಯಾಂಡ್. ಬಾಗಿಲ ಚಿಲಕಕ್ಕೆ ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಒತ್ತಿ ಲಂಬಕೋನದಲ್ಲಿ ಮಡಚಿ, ಅಂಗೈಯನ್ನು ಹೊಟ್ಟೆಯ ಮುಂದಿನಿಂದ ಹೊರಕ್ಕೆ ತಿರುಗಿಸುತ್ತ ಬನ್ನಿ. ಮೊಣಕೈ ಪಕ್ಕೆ ಬಿಡದಿರಲಿ ಎಂದು ನಡುವೆ ಒಂದು ಮಡಚಿದ ಟವಲ್ ಸಿಕ್ಕಿಸಿಕೊಳ್ಳುವುದುಂಟು, ಅದು ಬಿದ್ದರೆ ತಪ್ಪು ಗೊತ್ತಾಗುತ್ತದೆ. ಬ್ಯಾಂಡ್ ಹಗುರವಿರಲಿ, ಹದಿನೈದು ಇಪ್ಪತ್ತು ಸಲ ಮಾಡಲಾಗಬೇಕು. ಇಲ್ಲಿ ಗಡುಸುತನ ತೋರಿಸಲು ಹೋದರೆ ದೊಡ್ಡ ಸ್ನಾಯುಗಳು ಕೆಲಸ ಕಿತ್ತುಕೊಂಡು, ಚಿಕ್ಕವು ಇದ್ದಲ್ಲೇ ಉಳಿಯುತ್ತವೆ. ಅದೇ ಬ್ಯಾಂಡನ್ನು ಎರಡೂ ಕೈಯಲ್ಲಿ ಮೈಯತ್ತ ಎಳೆದು ಬೆನ್ನಿನ ರೆಕ್ಕೆಮೂಳೆಗಳನ್ನು ಒಂದಕ್ಕೊಂದು ಹತ್ತಿರ ತಂದರೆ ಬೆನ್ನಿನ ಮೇಲ್ಭಾಗದ ಕೆಲಸವೂ ಆಯಿತು. ಇನ್ನು ಬ್ಯಾಂಡ್ ನಿಮ್ಮ ಪಕ್ಕಕ್ಕೆ ಬರುವಂತೆ ನಿಂತು, ಎರಡೂ ಕೈಯಿಂದ ಎದೆಯೆದುರು ಹಿಡಿದು ಮುಂದಕ್ಕೆ ಚಾಚಿ. ಬ್ಯಾಂಡ್ ಮುಂಡವನ್ನು ತಿರುಗಿಸಲು ಎಳೆಯುತ್ತದೆ, ನೀವು ತಿರುಗದೆ ನಿಲ್ಲಬೇಕು. ಬೀಸಿನ ತುದಿಯಲ್ಲಿ ಸೊಂಟ ಮಾಡುವ ಕೆಲಸ ಇದೇ.

ಮುಂಗೈಗೆ: ಮೇಜಿನ ಮೇಲೆ ಮುಂಗೈ ಊರಿ, ಅಂಗೈ ಕೆಳಮುಖ ಮಾಡಿ, ಒಂದೆರಡು ಕಿಲೋ ತೂಕವನ್ನು ಇನ್ನೊಂದು ಕೈಯ ಸಹಾಯದಿಂದ ಎತ್ತಿ, ಒಂದೇ ಕೈಯಲ್ಲಿ ಮೂರ್ನಾಲ್ಕು ಸೆಕೆಂಡ್ ತೆಗೆದುಕೊಂಡು ಇಳಿಸಿ. ಟೆನಿಸ್ ಎಲ್ಬೋಗೆ ಫಿಸಿಯೋಥೆರಪಿಸ್ಟ್‌ಗಳು ಹೇಳಿಕೊಡುವ ವ್ಯಾಯಾಮ ಇದೇ ಬಗೆಯದು. ನೋವು ಬರುವ ಮೊದಲೇ ಮಾಡಿದರೆ ಯಾರೂ ಬೇಡ ಅನ್ನುವುದಿಲ್ಲ. ಪಕ್ಕಕ್ಕೆ ಮಲಗಿ ಮೊಣಕೈ ಊರಿ ಮೈ ಎತ್ತಿ ಹಿಡಿಯುವ ಸೈಡ್ ಪ್ಲ್ಯಾಂಕ್ ಇದರ ಜೊತೆ ಸೇರಿದರೆ ಮೈಯ ಮೇಲ್ಭಾಗಕ್ಕೆ ಅಷ್ಟು ಸಾಕು.

ಬೀಸುವುದರಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಮೈ ಮುರಿಯುವುದು ಅಗೆತ. ಸದ್ದು ಬಂದಾಗಲೆಲ್ಲ ಕೂರಬೇಕು, ಅಗೆಯಬೇಕು, ಏಳಬೇಕು. ದಿನಕ್ಕೆ ಮೂವತ್ತು ನಲವತ್ತು ಸದ್ದು ಬರುವ ನೆಲದಲ್ಲಿ ಅದು ಮೂವತ್ತು ನಲವತ್ತು ಬಸ್ಕಿಯೇ, ಬೆನ್ನ ಮೇಲೆ ಹಾರ್ನೆಸ್ ಸಮೇತ. ಅದರಲ್ಲಿ ಹೆಚ್ಚಿನವು ತುಕ್ಕು ಮೊಳೆ ಎಂಬ ದುಃಖ ಬೇರೆ. ಸೊಂಟ ಹಿಡಿಯುವುದು ನಿಂತಲ್ಲಿಂದಲೇ ಬೆನ್ನು ಬಾಗಿಸಿ, ತಿರುಚಿ, ಗುಂಡಿಗೆ ಕೈ ಹಾಕುವವರಿಗೆ. ಒಂದು ಮಂಡಿ ಊರಿ ಕೂತು, ಗುಂಡಿ ಎದೆಯ ನೇರಕ್ಕೆ ಬರುವಂತೆ ಜರುಗಿ, ಆಮೇಲೆ ಅಗೆಯಿರಿ. ಮಂಡಿಗೆ ಪ್ಯಾಡ್ ಇರಲಿ, ಪ್ರತಿ ಗುಂಡಿಗೂ ಊರುವ ಮಂಡಿ ಬದಲಾಗಲಿ. ಪಿಕಾಸಿ ಬಳಸುವಾಗ ಬೆನ್ನನ್ನಲ್ಲ, ಸೊಂಟದ ಕೀಲನ್ನು ಮಡಚಿ. ಇದನ್ನು ಮನೆಯಲ್ಲೇ ಕಲಿಯಬಹುದು: ಗೋಡೆಗೆ ಬೆನ್ನು ಮಾಡಿ ಒಂದು ಗೇಣು ಮುಂದೆ ನಿಂತು, ಬೆನ್ನು ನೇರವಿಟ್ಟುಕೊಂಡು, ಪೃಷ್ಠದಿಂದ ಗೋಡೆ ಮುಟ್ಟಿ ಬನ್ನಿ. ಅದು ಬಂದ ಮೇಲೆ ಕೈಯಲ್ಲಿ ತೂಕ ಹಿಡಿದು ಮಾಡಿ. ಇದರ ಜೊತೆ ಬಸ್ಕಿ, ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸುವ ಲಂಜ್, ಮೆಟ್ಟಿಲು ಹತ್ತುವುದು. ಕೈ ಊರದೆ ನೆಲದಿಂದ ಹತ್ತು ಸಲ ಎದ್ದು ಕೂರುವಂತಾದರೆ ಅಗೆತದ ದಿನ ಹೆದರಬೇಕಿಲ್ಲ. ದಡದಲ್ಲಿ ನೀರಿಗಿಳಿದು ಹುಡುಕುವವರಿಗೆ ಒದ್ದೆ ಮರಳು ತುಂಬಿದ ಜಾಲರಿ ಸಲಿಕೆಯೇ ದೊಡ್ಡ ವೈರಿ. ಅದನ್ನು ಕೈಯಿಂದ ಎಳೆಯದೆ ಹಿಡಿಕೆಯನ್ನು ತೊಡೆಗೆ ಒರಗಿಸಿ ಮೀಟಿ ಎಬ್ಬಿಸಬೇಕು.

ನಡಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಅದರ ಜೊತೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಹೇಳುತ್ತದೆ. ಡಿಟೆಕ್ಟರ್ ಹಿಡಿಯುವವರು ಆ ನಡಿಗೆಯಲ್ಲಿ ಸ್ವಲ್ಪವನ್ನಾದರೂ ಸಮತಟ್ಟಲ್ಲದ ನೆಲದಲ್ಲಿ, ಬೆನ್ನಿಗೆ ನೀರಿನ ಬಾಟಲಿ ಹೊತ್ತು ಮಾಡಬೇಕು. ಕಣಕಾಲು ಉಳುಕುವುದು ಕಣ್ಣು ಕಾಯಿಲ್ ಮೇಲೆ, ಕಿವಿ ಹೆಡ್‌ಫೋನಿನಲ್ಲಿ ಇರುವಾಗಲೇ. ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸ ಹಲ್ಲುಜ್ಜುವಾಗಲೂ ಆಗುತ್ತದೆ. ಬಿಸಿಲಿನಲ್ಲಿ ಬಾಯಾರುವ ತನಕ ಕಾಯದೆ ಆಗಾಗ ಗುಟುಕು ನೀರು ಕುಡಿಯಿರಿ, ಹೆಡ್‌ಫೋನಿನ ಏಕಾಗ್ರತೆಯಲ್ಲಿ ಬಾಯಾರಿಕೆ ಮರೆತೇ ಹೋಗುತ್ತದೆ.

ಅವಸರ ಪಡುವವರು ಸಿಕ್ಕಿಬೀಳುವ ಜಾಗ ಒಂದಿದೆ. ವ್ಯಾಯಾಮ ಶುರುವಾದ ಕೆಲವೇ ವಾರಗಳಲ್ಲಿ ಸ್ನಾಯುಗಳಿಗೆ ಬಲ ಬರುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ರಜ್ಜುಗಳು ಬಹಳ ನಿಧಾನ, ಅವಕ್ಕೆ ತಿಂಗಳುಗಳೇ ಬೇಕು. 'ಈಗ ಕೈ ಗಟ್ಟಿಯಾಯಿತು' ಎಂದು ಒಮ್ಮೆಗೇ ಆರು ಗಂಟೆ ಬೀಸಲು ಹೋದಾಗ ಮೊಣಕೈ, ಭುಜ ಕೈಕೊಡುವುದು ಇದರಿಂದ. ಚಳಿಗಾಲವೆಲ್ಲ ಯಂತ್ರವನ್ನು ಮೂಲೆಗಿಟ್ಟು, ಹಂಗಾಮಿನ ಮೊದಲ ದಿನವೇ ಬೆಳಗಿನಿಂದ ಸಂಜೆವರೆಗೆ ದುಡಿಯುವವರ ಕಥೆಯೂ ಇದೇ. ಅರ್ಧ ಗಂಟೆಯಿಂದ ಶುರು ಮಾಡಿ, ಮಾರನೆಯ ದಿನ ಮೈ ಏನನ್ನುತ್ತದೆ ನೋಡಿ, ಆಮೇಲೆ ಏರಿಸಿ. ಎರಡು ದಿನದಲ್ಲಿ ಹೋಗುವ ಮೈಕೈ ನೋವು ಸಹಜ. ಕೀಲಿನ ಒಂದೇ ಜಾಗದಲ್ಲಿ ಚುಚ್ಚುವ ನೋವು, ರಾತ್ರಿ ಆ ಮಗ್ಗುಲಿಗೆ ಮಲಗಲಾಗದ ಭುಜ, ಜೋಮು ಹಿಡಿಯುವ ಬೆರಳು ಇವು ಆ ಲೆಕ್ಕಕ್ಕೆ ಬರುವುದಿಲ್ಲ, ವೈದ್ಯರಿಗೆ ತೋರಿಸಬೇಕು. ಎದೆ ಹಿಡಿದಂತಾದರೆ ಆ ಕ್ಷಣವೇ ಯಂತ್ರ ಕೆಳಗಿಟ್ಟು ಸಹಾಯ ಕೇಳಿ. ಪೇಸ್‌ಮೇಕರ್ ಹಾಕಿಸಿಕೊಂಡವರು ಇಂಥ ಯಂತ್ರ ಮುಟ್ಟುವ ಮುಂಚೆಯೇ ಹೃದಯದ ವೈದ್ಯರನ್ನು ಕೇಳಬೇಕು, ಕಾಯಿಲ್ ಹೊಮ್ಮಿಸುವುದು ಕಾಂತಕ್ಷೇತ್ರವನ್ನೇ.

ಇಷ್ಟೆಲ್ಲ ಮಾಡಿಯೂ ಭುಜ ಒಪ್ಪದಿದ್ದರೆ ಚಿಕ್ಕ ಕಾಯಿಲ್ ಹಾಕಿ, ಅಥವಾ ಯಂತ್ರವನ್ನೇ ಬದಲಿಸಿ. ಮೈನ್‌ಲ್ಯಾಬ್‌ನದೇ ಜಿಪಿಎಕ್ಸ್ 6000 ಬಂದಾಗ ಅದರ ತೂಕ 2.1 ಕಿಲೋಗೆ ಇಳಿದಿತ್ತು. ಜಿಪಿಜೆಡ್‌ಗಿಂತ ಒಂದು ಕಿಲೋಗೂ ಹೆಚ್ಚು ಹಗುರ. ಯಾವುದನ್ನು ಕೊಳ್ಳುವುದಿದ್ದರೂ ಎರಡು ಸಲ ಆಡಿಸಿ ತೀರ್ಮಾನಿಸಬೇಡಿ. ನೀವು ಬಳಸಲಿರುವ ಕಾಯಿಲನ್ನೇ ಸಿಕ್ಕಿಸಿ, ಹಾರ್ನೆಸ್ ಇಲ್ಲದೆ, ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಬೀಸಿ. ಜೊತೆಗೆ ಬಂದವರಿಗೆ ಮೊದಲ ಐದು ನಿಮಿಷ ಬಿಟ್ಟು ಕೊನೆಯ ಐದು ನಿಮಿಷ ಕಾಯಿಲ್‌ನ ತುದಿಯನ್ನು ನೋಡಲು ಹೇಳಿ. ಅದು ಮೇಲಕ್ಕೆ ಹಾರತೊಡಗಿದ್ದರೆ, ಮಾರುವವರು ಏನೇ ಹೇಳಲಿ, ಆ ಯಂತ್ರ ಸದ್ಯಕ್ಕೆ ನಿಮ್ಮ ಭುಜಕ್ಕೆ ಭಾರವೇ.